ಮುಪ್ಪಿನ ಅನ್ನ ಯಾರ ಹೊಣೆ?



ಮಂಗಳೂರಿನಿಂದ ಉಡುಪಿಯ ಕಡೆಗೆ ಹೊರಟರೆ ಕೊಟ್ಟಾರ ಚೌಕಿ ದಾಟಿದ ಬಳಿಕ ಕೂಳೂರು ಸಿಗುತ್ತದೆ. ಫಲ್ಗುಣಿ ನದಿಯ ಸೇತುವೆ, ಅದರ ಮೇಲೆ ಬಂದರಿನತ್ತ ಸಾಗುವ ಲಾರಿಗಳ ಸಾಲು, ಆಚೆಗೆ ಪಣಂಬೂರು ಮತ್ತು ಬೈಕಂಪಾಡಿ. ಆ ದಾರಿಯಲ್ಲಿ ನೀವು ನೂರು ಸಲ ಹೋಗಿರಬಹುದು. ಇನ್ನೊಮ್ಮೆ ಹೋಗುವಾಗ ಒಂದು ಸಂಗತಿಯನ್ನು ಗಮನಿಸಿರಿ. 1975ರಲ್ಲಿ ಉದ್ಘಾಟನೆಗೊಂಡ ನವಮಂಗಳೂರು ಬಂದರಿನ ಗೇಟಿನ ಒಳಗೆ ಕಾಯಂ ನೌಕರಿಯಲ್ಲಿರುವವನಿಗೆ ತಿಂಗಳ ಸಂಬಳವಿದೆ, ನಿವೃತ್ತಿಯ ದಿನಾಂಕವಿದೆ, ನಿವೃತ್ತಿಯ ನಂತರವೂ ಕೈಗೆ ಬರುವ ಏನಾದರೊಂದು ಇದೆ. ಗೇಟಿನ ಹೊರಗೆ ಅದೇ ಬಂದರಿನ ಲಾರಿಗೆ ಟಯರು ಬದಲಿಸುವವನಿಗೆ, ಗ್ಯಾರೇಜು ಇಟ್ಟವನಿಗೆ, ಚಹಾದಂಗಡಿಯವನಿಗೆ, ರಿಕ್ಷಾ ಓಡಿಸುವವನಿಗೆ, ಮೀನಿನ ವ್ಯಾಪಾರಿಗೆ ಇವೊಂದೂ ಇಲ್ಲ. ಅವನ ನಿವೃತ್ತಿಯ ದಿನವನ್ನು ನಿಶ್ಚಯಿಸುವುದು ಅವನ ಮಂಡಿ, ಅವನ ಕಣ್ಣು, ಅವನ ಹೃದಯ.

ಅಲ್ಲಿ ನನಗೆ ಪರಿಚಯವಿರುವ ಒಬ್ಬ ಮೆಕ್ಯಾನಿಕರಿದ್ದಾರೆ. ಹೆಸರು ಬೇಡ. ಮೂವತ್ತು ವರ್ಷ ಲಾರಿಗಳ ಅಡಿಯಲ್ಲಿ ಮಲಗಿ ದುಡಿದವರು. ಐವತ್ತೆರಡನೆಯ ವಯಸ್ಸಿಗೆ ಮಂಡಿ ಸೋತಿತು. ಮನೆ ಕಟ್ಟಿದ್ದಾರೆ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದಾರೆ, ಯಾರ ಸಾಲವನ್ನೂ ಉಳಿಸಿಕೊಂಡಿಲ್ಲ. ಆದರೆ ಉಳಿತಾಯವೆಂದು ಕೈಯಲ್ಲಿ ಏನೂ ಇಲ್ಲ. ಅವರ ತಾಯಿ ಬೀಡಿ ಕಟ್ಟಿ ಬದುಕಿದವರು. ಆ ವೃದ್ಧೆಗೆ ಭವಿಷ್ಯನಿಧಿಯ ಲೆಕ್ಕದಲ್ಲಿ ಇಂದಿಗೂ ತಿಂಗಳಿಗೆ ಸಾವಿರ ರೂಪಾಯಿಯ ಪಿಂಚಣಿ ಬರುತ್ತದೆ. "ಬೀಡಿ ಕಟ್ಟಿದ ಉಮ್ಮನಿಗೆ ಪಿಂಚಣಿಯಿದೆ, ಗ್ಯಾರೇಜಿನ ಧಣಿಯಾದ ನನಗಿಲ್ಲ" ಎಂದು ಹೇಳಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ಅಲ್ಲಾಹನ ಮೇಲೆ ಭರವಸೆಯಿಟ್ಟು ಬದುಕಿದೆ. ನಾನು ತಪ್ಪು ಮಾಡಿದೆನೇ?"

ಈ ಪ್ರಶ್ನೆಗೆ ಅವಸರದ ಉತ್ತರ ಕೊಡುವುದು ಸರಿಯಲ್ಲ. ನಮ್ಮಲ್ಲಿ ಎಷ್ಟೋ ಮನೆಗಳು ಇದೇ ಪ್ರಶ್ನೆಯ ಮುಂದೆ ನಿಂತಿವೆ. ಆದುದರಿಂದ ನಾವು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಭರವಸೆಯೆಂದರೆ ಕೈಕಟ್ಟಿ ಕೂರುವುದಲ್ಲ

ಅನ್ನ ಕೊಡುವವನು ಅಲ್ಲಾಹನು. ಅದರಲ್ಲಿ ಸಂಶಯವಿರುವವನು ಸತ್ಯವಿಶ್ವಾಸಿಯಲ್ಲ. ಹಾಗಿರುವಾಗ ಇಪ್ಪತ್ತು ವರ್ಷ ಮುಂದಿನ ಅನ್ನಕ್ಕೆ ಇಂದೇ ಲೆಕ್ಕ ಹಾಕುವುದು ವಿಶ್ವಾಸದ ಕೊರತೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಒಂಟೆಯನ್ನು ಕಟ್ಟದೆ ಬಿಟ್ಟು ಭರವಸೆಯಿಡಲೇ ಎಂದು ವಿಚಾರಿಸಿದವನಿಗೆ ಪ್ರವಾದಿವರ್ಯರು(ಸ) ಮೊದಲು ಕಟ್ಟು, ಅನಂತರ ಭರವಸೆಯಿಡು ಎಂಬ ಅರ್ಥದ ಉಪದೇಶ ಕೊಟ್ಟುದು ನಿಮಗೆಲ್ಲ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ವರದಿ ಬುಖಾರಿಯಲ್ಲಿದೆ. ಬನೂ ನಝೀರ್ ತೋಟಗಳ ಉತ್ಪನ್ನದಿಂದ ಪ್ರವಾದಿವರ್ಯರು(ಸ) ತಮ್ಮ ಮನೆಯವರಿಗಾಗಿ ಒಂದು ವರ್ಷದ ಆಹಾರವನ್ನು ಎತ್ತಿಡುತ್ತಿದ್ದರು. ಅವರಿಗಿಂತ ಹೆಚ್ಚು ಭರವಸೆಯುಳ್ಳವರು ಯಾರಿದ್ದಾರೆ?

ಪ್ರವಾದಿ ಯೂಸುಫ್(ಅ)ರ ಚರಿತ್ರೆಯನ್ನೂ ನೆನಪಿಸಿಕೊಳ್ಳಿರಿ. ಸಮೃದ್ಧಿಯ ಏಳು ವರ್ಷ ದುಡಿದು, ತಿನ್ನುವಷ್ಟನ್ನು ಬಿಟ್ಟು ಉಳಿದ ಧಾನ್ಯವನ್ನು ತೆನೆಯಲ್ಲೇ ಕಾಪಾಡಿ, ಬರಗಾಲದ ಏಳು ವರ್ಷಗಳನ್ನು ದಾಟುವ ಯೋಜನೆ ಅದು. ಮನುಷ್ಯನ ಆಯುಷ್ಯವೂ ಹಾಗೆಯೇ ಅಲ್ಲವೇ? ಇಪ್ಪತ್ತರಿಂದ ಅರವತ್ತರವರೆಗೆ ತೋಳಿನಲ್ಲಿ ಶಕ್ತಿಯ ಸಮೃದ್ಧಿ. ಅನಂತರ ಬರ. ಬರ ಬರುತ್ತದೆಂದು ಕನಸು ಬೀಳಬೇಕಾಗಿಲ್ಲ, ನೆರೆಮನೆಯ ಅಜ್ಜನನ್ನು ನೋಡಿದರೆ ಸಾಕು.

ಆದರೆ ಎತ್ತಿಡುವುದು ಬೇರೆ, ಕೂಡಿಹಾಕುವುದು ಬೇರೆ. ಝಕಾತ್ ಕೊಡದೆ, ಬಂಧುಗಳ ಹಕ್ಕು ಸಲ್ಲಿಸದೆ, ಹಣವನ್ನು ಎಣಿಸುತ್ತಾ ಕೂರುವವನ ಬಗ್ಗೆ ಕುರ್‌ಆನ್ ಕಠಿಣವಾದ ಎಚ್ಚರಿಕೆ ಕೊಟ್ಟಿದೆ. ಮುಪ್ಪಿನಲ್ಲಿ ಇನ್ನೊಬ್ಬರ ಮುಂದೆ ಕೈಯೊಡ್ಡದಿರಲೆಂದು ಎತ್ತಿಡುವವನು ಆ ಸಾಲಿಗೆ ಸೇರುವುದಿಲ್ಲ.

ಧಣಿಯೂ ನೀವೇ, ಕೆಲಸಗಾರನೂ ನೀವೇ

ನೌಕರನಾದವನು ಉಳಿಸುತ್ತಾನೆ, ನಾವು ಉಳಿಸುವುದಿಲ್ಲ. ಅವನು ನಮಗಿಂತ ವಿವೇಕಿಯೆಂದು ಭಾವಿಸಬೇಡಿರಿ. ಭವಿಷ್ಯನಿಧಿಯ ಕಾನೂನಿನಂತೆ 20 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ವೇತನದ ಶೇ. 12ರಷ್ಟು ಮೊದಲೇ ಕಡಿತವಾಗುತ್ತದೆ. ಧಣಿಯೂ ತನ್ನ ಕಡೆಯಿಂದ ಅಷ್ಟನ್ನೇ ಸೇರಿಸಬೇಕು. ಆ ಹಣ ನೌಕರನ ಕೈಗೆ ಬರುವುದೇ ಇಲ್ಲ, ಬಾರದ ಹಣ ಖರ್ಚಾಗುವುದೂ ಇಲ್ಲ. ಬೀಡಿ ಕಟ್ಟಿದ ಆ ತಾಯಿಗೆ ಪಿಂಚಣಿ ಬಂದುದೂ ಹೀಗೆಯೇ. ಕಾನೂನು ಅವರ ಪರವಾಗಿ ಧಣಿಯ ಕೈ ಹಿಡಿದಿತ್ತು.

ಗ್ಯಾರೇಜಿನಲ್ಲಿ ಧಣಿಯೂ ನೀವೇ, ಕೆಲಸಗಾರನೂ ನೀವೇ. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನೀವು ಹುಡುಗರ ವಿಷಯದಲ್ಲಿ ಪಾಲಿಸುತ್ತೀರಿ. ಶನಿವಾರ ಸಂಜೆ ಅವರ ಬಟವಾಡೆ ತಪ್ಪಿಸುವುದಿಲ್ಲ. ಆದರೆ ನಿಮ್ಮೊಳಗಿನ ಕೆಲಸಗಾರನಿಗೆ? ಅವನ ಕೂಲಿಯ ಒಂದು ಭಾಗ ಅವನ ಮುಪ್ಪಿಗೆ ಸೇರಬೇಕಾದುದು. ಧಣಿಯಾದ ನೀವು ಅದನ್ನು ಪ್ರತಿ ತಿಂಗಳೂ ಬಿಡಿಭಾಗಕ್ಕೆ, ಮದುವೆಯೂಟಕ್ಕೆ, ಹೊಸ ಮೊಬೈಲಿಗೆ ಬಳಸುತ್ತೀರಿ. ಅವನು ದೂರು ಕೊಡುವುದಿಲ್ಲ. ಯಾಕೆಂದರೆ ಅವನು ನೀವೇ. ದೂರು ಬರುವುದು ಇಪ್ಪತ್ತು ವರ್ಷದ ನಂತರ, ಮಂಡಿಯ ಮೂಲಕ.

ನನ್ನ ಅಭಿಪ್ರಾಯದಲ್ಲಿ ಈ ವಿಷಯದ ತಿರುಳು ಇಲ್ಲಿದೆ. ಸ್ವಉದ್ಯೋಗಿಯ ಪಿಂಚಣಿಯನ್ನು ಹಣದ ಲೆಕ್ಕವೆಂದು ಮಾತ್ರ ನೋಡಬಾರದು. ತೋಳಿನ ಶಕ್ತಿಯೂ ಒಂದು ಅಮಾನತ್ತು. ಅದರ ಫಲದಲ್ಲಿ ನಾಳೆಯ ವೃದ್ಧನಿಗೂ ಹಕ್ಕಿದೆ.

"ಮಕ್ಕಳೇ ನಮ್ಮ ಪಿಂಚಣಿ"

ಈ ಮಾತನ್ನು ನಮ್ಮ ಹಿರಿಯರು ಅಭಿಮಾನದಿಂದ ಹೇಳುತ್ತಾರೆ. ಹೆತ್ತವರ ಸೇವೆ ಸಂತಾನದ ಮೇಲಿರುವ ದೊಡ್ಡ ಹೊಣೆ. ದೇಶದ ಕಾನೂನು ಕೂಡಾ 2007ರಿಂದ ಅದನ್ನು ಕಡ್ಡಾಯಗೊಳಿಸಿದೆ. ಆದರೆ ಮಗನ ಹೊಣೆಯನ್ನು ಹೇಳುವ ಧರ್ಮವೇ ತಂದೆಯ ಹೊಣೆಯನ್ನೂ ಹೇಳಿದೆ. ರೋಗಶಯ್ಯೆಯಲ್ಲಿದ್ದ ಸಅದ್ ಬಿನ್ ಅಬೀ ವಕ್ಕಾಸ್(ರ) ತಮ್ಮ ಸಂಪತ್ತನ್ನೆಲ್ಲ ದಾನ ಮಾಡಲು ಬಯಸಿದಾಗ ಪ್ರವಾದಿವರ್ಯರು(ಸ) ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಗೆ ಅನುಮತಿ ಕೊಡಲಿಲ್ಲ. ವಾರಸುದಾರರನ್ನು ಜನರ ಮುಂದೆ ಕೈಯೊಡ್ಡುವಂತೆ ಬಿಟ್ಟುಹೋಗುವುದಕ್ಕಿಂತ ಅನುಕೂಲಸ್ಥರಾಗಿ ಬಿಟ್ಟುಹೋಗುವುದು ಉತ್ತಮವೆಂದು ತಿಳಿಸಿದರು.

ಯೋಚಿಸಿ ನೋಡಿರಿ. ನಿಮ್ಮ ಮಗನಿಗೂ ಮಕ್ಕಳಿರುತ್ತಾರೆ, ಶಾಲೆಯ ಫೀಸು ಇರುತ್ತದೆ, ಬಾಡಿಗೆ ಇರುತ್ತದೆ. ಅವನು ಗಲ್ಫಿನಲ್ಲಿದ್ದರೆ ನಾಳೆ ಕೆಲಸ ಹೋಗಬಹುದು. ಹೆಣ್ಣುಮಕ್ಕಳು ಮಾತ್ರ ಇರುವ ಮನೆಗಳಿವೆ, ಮಕ್ಕಳೇ ಇಲ್ಲದವರಿದ್ದಾರೆ. ನೀವು ನಿಮ್ಮ ಊಟ, ಮದ್ದು, ಕರೆಂಟು ಬಿಲ್ಲಿನ ಹೊಣೆ ಹೊತ್ತರೆ ಮಗನ ಸೇವೆಗೆ ಜಾಗ ಇಲ್ಲದಾಗುವುದಿಲ್ಲ. ಕೈಹಿಡಿದು ಮಸೀದಿಗೆ ಕರೆದೊಯ್ಯುವುದು, ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂರುವುದು, ಮಾತನಾಡಿಸುವುದು, ಇವನ್ನು ಯಾವ ಪಿಂಚಣಿಯೂ ಕೊಡುವುದಿಲ್ಲ. ಅದು ಮಗನಿಂದಲೇ ಬರಬೇಕು. ಮಗನೇ, ನೀನು ಇದನ್ನು ಓದುತ್ತಿದ್ದರೆ ತಂದೆಯ ಉಳಿತಾಯ ನಿನ್ನ ಬಿಡುಗಡೆಯ ಪತ್ರವೆಂದು ತಿಳಿಯಬೇಡ.

ಇನ್ನೊಂದು ಮಾತು. ಅನೇಕ ಮನೆಗಳಲ್ಲಿ ಪತ್ನಿ ಪತಿಗಿಂತ ಕಿರಿಯಳು, ಅವನ ನಂತರವೂ ಬಹಳ ವರ್ಷ ಬದುಕುತ್ತಾಳೆ. ಮುಪ್ಪಿನ ಲೆಕ್ಕ ಹಾಕುವಾಗ ಅವಳ ವಯಸ್ಸನ್ನೂ ಎಣಿಸಿರಿ.

ನಮ್ಮ ಮುಂದಿರುವ ದಾರಿಗಳು

ಈಗ ಲೆಕ್ಕಕ್ಕೆ ಬರೋಣ. ದಿನಕ್ಕೆ 100 ರೂಪಾಯಿಯಂತೆ ತಿಂಗಳಲ್ಲಿ 26 ದಿನ ಎತ್ತಿಟ್ಟರೆ 2,600 ರೂಪಾಯಿ. ನಲವತ್ತನೆಯ ವಯಸ್ಸಿನಲ್ಲಿ ಆರಂಭಿಸಿದವನಿಗೆ ಅರವತ್ತಕ್ಕೆ 6,24,000 ಆಗುತ್ತದೆ. ಅದನ್ನು ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 3,460. ಮೂವತ್ತಕ್ಕೆ ಆರಂಭಿಸಿದವನಿಗೆ 9,36,000, ತಿಂಗಳಿಗೆ 5,200. ಹಣ ಏನೂ ಬೆಳೆಯದಿದ್ದರೆ ಇಷ್ಟು. ಆದರೆ ಬೆಲೆಗಳು ಬೆಳೆಯುತ್ತವೆ. ವರ್ಷಕ್ಕೆ ಶೇ. 6ರಂತೆ ಬೆಲೆಯೇರಿದರೆ ಇಪ್ಪತ್ತು ವರ್ಷದ ನಂತರದ 5,000 ರೂಪಾಯಿ ಇಂದಿನ 1,560 ರೂಪಾಯಿಗೆ ಸಮ. ಕಪಾಟಿನಲ್ಲಿ ಮುಚ್ಚಿಟ್ಟ ಹಣ ಇದ್ದಲ್ಲೇ ಕರಗುತ್ತದೆ. ಅನಾಥನ ಹಣವನ್ನು ಝಕಾತ್ ತಿಂದು ಮುಗಿಸದಂತೆ ವ್ಯಾಪಾರದಲ್ಲಿ ತೊಡಗಿಸಬೇಕೆಂದು ಉಮರ್(ರ) ಉಪದೇಶಿಸಿದ್ದರೆಂದು ವರದಿಯಿದೆ. ನಾಳೆಯ ವೃದ್ಧನೂ ಒಂದು ರೀತಿಯಲ್ಲಿ ಅನಾಥನೇ, ಅವನ ಪರವಾಗಿ ಮಾತನಾಡಲು ಇಂದು ನೀವಲ್ಲದೆ ಬೇರೆ ಯಾರೂ ಇಲ್ಲ.

ಸರಕಾರವು 2015ರ ಮೇ 9ರಂದು ಅಟಲ್ ಪಿಂಚಣಿ ಯೋಜನೆಯನ್ನು ಆರಂಭಿಸಿತು. 18ರಿಂದ 40 ವರ್ಷದೊಳಗಿನವರು ಸೇರಬಹುದು. ಅರವತ್ತರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿಯ ಖಚಿತ ಪಿಂಚಣಿ. 5,000 ಬೇಕೆಂದರೆ ಹದಿನೆಂಟರ ಹುಡುಗ ತಿಂಗಳಿಗೆ 210 ರೂಪಾಯಿ ಕಟ್ಟಬೇಕು, ನಲವತ್ತರವನು 1,454. ತಡವಾದಷ್ಟೂ ಭಾರ ಹೆಚ್ಚು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದಾಯ ತೆರಿಗೆ ಕಟ್ಟುವವರು 2022ರ ಅಕ್ಟೋಬರ್‌ನಿಂದ ಇದಕ್ಕೆ ಸೇರುವಂತಿಲ್ಲ. ಪತಿ ತೀರಿಕೊಂಡರೆ ಪಿಂಚಣಿ ಪತ್ನಿಗೆ ಮುಂದುವರಿಯುತ್ತದೆ.

ಎರಡನೆಯದು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಮೊದಲು ಸರಕಾರಿ ನೌಕರರಿಗಾಗಿ ಬಂದ ಇದು 2009ರ ಮೇ 1ರಿಂದ ಎಲ್ಲ ನಾಗರಿಕರಿಗೂ ತೆರೆಯಿತು. ಇಲ್ಲಿ ಖಚಿತ ಮೊತ್ತವಿಲ್ಲ. ಹಣದ ಎಷ್ಟು ಭಾಗ ಶೇರುಗಳಿಗೆ, ಎಷ್ಟು ಭಾಗ ಸಾಲಪತ್ರಗಳಿಗೆ ಎಂದು ನೀವೇ ಆರಿಸಬಹುದು. ಕೊನೆಗೆ ಒಂದು ಭಾಗವನ್ನು ಕೈಗೆ ಪಡೆದು, ಉಳಿದುದರಿಂದ ವಿಮಾ ಕಂಪೆನಿಯ ಮೂಲಕ ತಿಂಗಳ ಪಿಂಚಣಿ ಕೊಳ್ಳಬೇಕು. ಖಾಸಗಿಯವರಿಗೆ ದೀರ್ಘಕಾಲ ಶೇ. 40 ಇದ್ದ ಆ ಕಡ್ಡಾಯ ಭಾಗವನ್ನು 2025ರ ಡಿಸೆಂಬರ್‌ನಲ್ಲಿ ಶೇ. 20ಕ್ಕೆ ಇಳಿಸಲಾಯಿತು.

ಇಲ್ಲಿ ನಮ್ಮ ಮನಸ್ಸಿನಲ್ಲಿ ಬಡ್ಡಿಯ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಈ ನಿಧಿಗಳ ದೊಡ್ಡ ಭಾಗ ಸರಕಾರದ ಮತ್ತು ಕಂಪೆನಿಗಳ ಸಾಲಪತ್ರಗಳಲ್ಲಿರುತ್ತದೆ, ಅವುಗಳ ಗಳಿಕೆ ಬಡ್ಡಿಯೇ. ಪ್ರಜೆಗಳ ಮುಪ್ಪಿಗೆ ಸರಕಾರ ಕೊಡುವ ನೆರವಿನ ಅಂಶವನ್ನು ಬಡ್ಡಿಯ ಅಂಶದಿಂದ ಬೇರೆಯಾಗಿ ನೋಡಬೇಕೆಂಬ ವಾದವೂ ಇದೆ. ತೀರ್ಪು ಕೊಡುವ ಅರ್ಹತೆ ನನಗಿಲ್ಲ. ಯೋಜನೆಯ ಕಾಗದಗಳನ್ನು ಕೈಯಲ್ಲಿ ಹಿಡಿದುಕೊಂಡು ನೀವು ನಂಬುವ ವಿದ್ವಾಂಸರ ಬಳಿಗೆ ಹೋಗಿರಿ. ಹಣ ಎಲ್ಲಿಗೆ ಹೋಗುತ್ತದೆಂದು ತಿಳಿಸದೆ "ಪಿಂಚಣಿ ಹಲಾಲೇ?" ಎಂದಷ್ಟೇ ಕೇಳಿದರೆ ಅವರಾದರೂ ಏನು ಹೇಳಬೇಕು?

ಸಂಶಯವಿಲ್ಲದ ದಾರಿಗಳೂ ಇವೆ. ಬಾಡಿಗೆ ಬರುವ ಒಂದು ಸಣ್ಣ ಕೋಣೆ, ನಂಬಿಕಸ್ಥನ ವ್ಯಾಪಾರದಲ್ಲಿ ಲಾಭನಷ್ಟ ಎರಡರಲ್ಲೂ ಪಾಲು, ನಾಲ್ಕು ತೆಂಗಿನ ಮರಗಳಿರುವ ಜಾಗ, ಸ್ವಲ್ಪ ಚಿನ್ನ. ಮದ್ಯ, ಜೂಜು, ಬಡ್ಡಿಯ ವ್ಯವಹಾರದ ಕಂಪೆನಿಗಳನ್ನು ಬಿಟ್ಟು ಉಳಿದವುಗಳ ಶೇರುಗಳಲ್ಲಿ ಮಾತ್ರ ತೊಡಗಿಸುವ ನಿಧಿಗಳೂ ಇವೆ. 1996ರಲ್ಲಿ ಆರಂಭವಾಗಿ ಆಮೇಲೆ ಟಾಟಾ ಎಥಿಕಲ್ ಫಂಡ್ ಎಂಬ ಹೆಸರು ಪಡೆದ ನಿಧಿ ಅಂತಹದು. ಆದರೆ ಶೇರಿನಲ್ಲಿ ಖಾತರಿಯಿಲ್ಲ. 2008ರಲ್ಲೂ 2020ರ ಮಾರ್ಚ್‌ನಲ್ಲೂ ಪೇಟೆ ಕುಸಿದುದನ್ನು ಮರೆಯಬೇಡಿರಿ. ಹತ್ತು ಹದಿನೈದು ವರ್ಷ ಮುಟ್ಟದೆ ಬಿಡಬಲ್ಲ ಹಣಕ್ಕೆ ಮಾತ್ರ ಅದು ಸರಿ. ಎಲ್ಲವನ್ನೂ ಒಂದೇ ಕಡೆ ಇಡುವುದು ಯಾವ ದಾರಿಯಲ್ಲೂ ಸರಿಯಲ್ಲ.

ಎರಡು ನೆಪಗಳು

ನಮ್ಮನ್ನು ಹಾಳು ಮಾಡಿದ ಎರಡು ನೆಪಗಳಿವೆ. ಮೊದಲನೆಯದು: "ಎಲ್ಲದರಲ್ಲೂ ಬಡ್ಡಿಯಿದೆ, ಹಾಗಾಗಿ ನಾನು ಏನೂ ಮಾಡುವುದಿಲ್ಲ." ಬಡ್ಡಿಯಿಂದ ದೂರವಿರುವುದು ಧರ್ಮದ ಆಜ್ಞೆ, ಏನೂ ಮಾಡದಿರುವುದು ಧರ್ಮದ ಆಜ್ಞೆಯಲ್ಲ. ಬಡ್ಡಿ ಬೇಡವೆಂದು ಬ್ಯಾಂಕಿಗೆ ಹೋಗದವನು ಆ ಹಣವನ್ನು ಬಾಡಿಗೆಯ ಕೋಣೆಗೆ ಹಾಕಿದ್ದರೆ ಅವನ ಮಾತು ನಿಜ. ಮೋಜಿಗೆ ಹಾಕಿದ್ದರೆ ಅದು ಬರೀ ನೆಪ.

ಎರಡನೆಯದು ಇನ್ನೂ ಅಪಾಯಕಾರಿ: "ಇದು ಹಲಾಲ್ ಎಂದು ಹೇಳಿದರು, ಹಾಗಾಗಿ ನಾನು ಏನೂ ಕೇಳಲಿಲ್ಲ." 2019ರ ಜೂನ್‌ನಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಏನಾಯಿತೆಂದು ನೆನಪಿದೆಯೇ? ಐ ಮಾನಿಟರಿ ಅಡ್ವೈಸರಿ ಎಂಬ ಸಂಸ್ಥೆ ಬಾಗಿಲು ಮುಚ್ಚಿತು. ಇದು ಬಡ್ಡಿಯಲ್ಲ, ಲಾಭದ ಪಾಲು ಎಂದು ಹೇಳಿ ಅದು ಬ್ಯಾಂಕುಗಳು ಕೊಡುವುದಕ್ಕಿಂತ ಎಷ್ಟೋ ಹೆಚ್ಚಿನ ಹಣವನ್ನು ತಿಂಗಳು ತಿಂಗಳೂ ಕೊಡುತ್ತಿತ್ತು. ಸ್ಥಾಪಕನು ದೇಶ ಬಿಟ್ಟು ಹೋಗಿ ಜುಲೈಯಲ್ಲಿ ದೆಹಲಿಗೆ ಮರಳಿದಾಗ ಬಂಧಿತನಾದನು. ದೂರು ಕೊಟ್ಟವರು 40 ಸಾವಿರಕ್ಕೂ ಹೆಚ್ಚು. ಅವರಲ್ಲಿ ನಿವೃತ್ತಿಯ ಹಣ ಹಾಕಿದವರು, ವಿಧವೆಯರು, ಮಗಳ ಮದುವೆಗೆಂದು ಕೂಡಿಟ್ಟವರು ಇದ್ದರು. ಅವರು ಅತ್ಯಾಶೆಯವರೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬಡ್ಡಿಗೆ ಹೆದರಿಯೇ ಅಲ್ಲಿಗೆ ಹೋದವರು ಅವರಲ್ಲಿ ಎಷ್ಟಿದ್ದರೋ! ಅವರ ಧರ್ಮಭಯವೇ ಅವರನ್ನು ದೋಚುವ ಸಾಧನವಾಯಿತು.

ಆದುದರಿಂದ ಹಣ ಕೊಡುವ ಮೊದಲು ಕೇಳಿರಿ. ಈ ಸಂಸ್ಥೆಗೆ ಅನುಮತಿ ಕೊಟ್ಟವರು ಯಾರು? ರಿಸರ್ವ್ ಬ್ಯಾಂಕೋ, ಸೆಬಿಯೋ, ಪಿಂಚಣಿ ನಿಯಂತ್ರಣ ಪ್ರಾಧಿಕಾರವೋ? ನನ್ನ ಹಣದಿಂದ ಯಾವ ವ್ಯಾಪಾರ ನಡೆಯುತ್ತದೆ, ಅದರ ಲೆಕ್ಕಪತ್ರ ಎಲ್ಲಿದೆ? ನಷ್ಟವಾದರೆ ಯಾರಿಗೆ? ನಷ್ಟವೇ ಇಲ್ಲದ ವ್ಯಾಪಾರದ ಲಾಭವನ್ನು ಮಾತ್ರ ಹಂಚುತ್ತೇನೆಂದು ಯಾರಾದರೂ ಹೇಳಿದರೆ ಎದ್ದು ಬನ್ನಿರಿ. ಅವರು ಗಡ್ಡ ಬಿಟ್ಟಿದ್ದರೂ ಸರಿ, ಕಚೇರಿಯ ಗೋಡೆಯಲ್ಲಿ ಕುರ್‌ಆನಿನ ಸೂಕ್ತವಿದ್ದರೂ ಸರಿ. ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ. ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ಕಲಿಸಿದ ಗ್ರಂಥದ ಅನುಯಾಯಿಗಳು ನಾವು.

ಬರೆದಿಡುವ ಮಾತು ಬಂದಾಗ ಇನ್ನೊಂದು ವಿಷಯ. ಖಾತೆಯಲ್ಲಿ ನಾಮಿನಿಯೆಂದು ಒಬ್ಬನ ಹೆಸರು ಬರೆದರೆ ಅವನೇ ಒಡೆಯನಾದನೆಂದು ತಿಳಿಯುವವರಿದ್ದಾರೆ. ಶೇರುಗಳ ವಿಷಯದಲ್ಲಿ ನಾಮಿನೇಶನ್ ವಾರಸುದಾರಿಕೆಯನ್ನು ಬದಲಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ನಾಮಿನಿಯಾದ ಅಣ್ಣ ಹಣ ಪಡೆದು ತಂಗಿಯ ಪಾಲನ್ನು ಕೊಡದಿದ್ದರೆ ಅದು ಅನ್ಯಾಯ. ಬದುಕಿರುವಾಗಲೇ ಮನೆಯವರನ್ನು ಕೂರಿಸಿ, ಎಲ್ಲಿ ಎಷ್ಟಿದೆ ಎಂದು ಪತ್ನಿಗೂ ಹೆಣ್ಣುಮಕ್ಕಳಿಗೂ ತಿಳಿಸಿ ಬರೆದಿಡಿರಿ.

ತಡವಾದವರ ಪಾಡು

ಆದರೆ ಎತ್ತಿಡಲು ಏನೂ ಉಳಿಯದವರೂ ಇದ್ದಾರೆ. ದಿನದ ಗಂಜಿಗೇ ದುಡಿಮೆ ಸಾಲದವನಿಗೆ ಉಳಿಸು ಎಂದು ಉಪದೇಶಿಸುವುದು ಕ್ರೌರ್ಯ. ಕರ್ನಾಟಕ ಸರಕಾರದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ಪಿಂಚಣಿಯಿದೆ. ಅರ್ಜಿ ಬರೆಯಲು ತಿಳಿಯದೆ ಅದನ್ನು ಪಡೆಯದ ವೃದ್ಧರು ನಿಮ್ಮ ಮೊಹಲ್ಲಾದಲ್ಲಿ ಇಲ್ಲವೇ? ಓದು ಬಲ್ಲ ಯುವಕರು ಒಂದು ಭಾನುವಾರವನ್ನು ಅದಕ್ಕೆ ಕೊಡಬಾರದೇ? ಜಮಾಅತ್‌ನ ಝಕಾತ್ ಪಟ್ಟಿಯಲ್ಲಿ ಸೋತ ದುಡಿಮೆಗಾರನ ಹೆಸರು ಅವನು ಬಂದು ಕೇಳುವ ಮೊದಲೇ ಇರಬಾರದೇ?

ಇಮಾಮ್ ಅಬೂ ಯೂಸುಫ್(ರ)ರ ಕಿತಾಬುಲ್ ಖರಾಜ್‌ನಲ್ಲಿ ಒಂದು ಘಟನೆ ದಾಖಲಾಗಿದೆ. ಬಾಗಿಲಲ್ಲಿ ನಿಂತು ಬೇಡುತ್ತಿದ್ದ ಕಣ್ಣು ಕಾಣದ ಮುದುಕನೊಬ್ಬನನ್ನು ಖಲೀಫಾ ಉಮರ್(ರ) ಕಂಡರು. ಅವನು ಯಹೂದಿ. ಉಮರ್(ರ) ಅವನ ಕೈಹಿಡಿದು ಮನೆಗೆ ಕರೆದೊಯ್ದು ಕೈಲಾದುದನ್ನು ಕೊಟ್ಟರು. ಅನಂತರ ಬೈತುಲ್‌ಮಾಲ್‌ನ ಅಧಿಕಾರಿಯನ್ನು ಕರೆಸಿ ಇವನಿಗೂ ಇವನಂತಹವರಿಗೂ ವ್ಯವಸ್ಥೆ ಮಾಡಲು ಆಜ್ಞಾಪಿಸಿದರು. ಯೌವನದಲ್ಲಿ ಅವನ ದುಡಿಮೆಯಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂಬುದು ಅವರ ನಿಲುವಾಗಿತ್ತು.

ವಾಚಕರೇ, ಈ ನ್ಯಾಯವನ್ನು ನಿಮ್ಮ ಮೇಲೆಯೇ ಒಮ್ಮೆ ಹಚ್ಚಿ ನೋಡಿರಿ. ನಿಮ್ಮ ಯೌವನದ ದುಡಿಮೆಯನ್ನು ನೀವೇ ಉಂಡು ನಿಮ್ಮ ಮುಪ್ಪನ್ನು ನೀವೇ ಕೈಬಿಡುವುದು ನ್ಯಾಯವೇ?

ಆ ಮೆಕ್ಯಾನಿಕರಿಗೆ ನಾನು ಹೇಳಿದ್ದಿಷ್ಟು: "ನಿಮ್ಮ ಭರವಸೆ ತಪ್ಪಲ್ಲ. ಹೆಣ್ಣುಮಕ್ಕಳ ಹೊಣೆ ಹೊತ್ತಿರಿ, ಹುಡುಗರ ಕೂಲಿ ಉಳಿಸಿಕೊಳ್ಳಲಿಲ್ಲ, ಸಾಲ ತೀರಿಸಿದಿರಿ. ಒಬ್ಬ ಕೆಲಸಗಾರನ ಬಾಕಿ ಮಾತ್ರ ಉಳಿದಿದೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಈಗ ಗ್ಯಾರೇಜಿನ ಅರ್ಧ ಜಾಗವನ್ನು ಟಯರಿನ ಅಂಗಡಿಯವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಇಪ್ಪತ್ತನಾಲ್ಕರ ಮಗ ಕೆಲಸ ನೋಡಿಕೊಳ್ಳುತ್ತಾನೆ. ಶನಿವಾರ ಸಂಜೆ ಹುಡುಗರ ಬಟವಾಡೆಯ ಲಕೋಟೆಗಳ ಜೊತೆಗೆ ಇನ್ನೊಂದು ಲಕೋಟೆಯೂ ತಯಾರಾಗುತ್ತದೆ. ಅದರ ಮೇಲೆ ಆ ಮಗನು ತನ್ನದೇ ಹೆಸರು ಬರೆದಿದ್ದಾನೆ.

ಈ ಶನಿವಾರ ನಿಮ್ಮ ಮನೆಯಲ್ಲೂ ಅಂತಹ ಒಂದು ಲಕೋಟೆ ತಯಾರಾಗಲಿ. ಅದನ್ನು ಧರ್ಮಸಮ್ಮತ ದಾರಿಯಲ್ಲಿ ಬೆಳೆಸುವ ವಿವೇಕವನ್ನೂ, ಅದರಲ್ಲಿ ಬಡವನ ಹಕ್ಕನ್ನು ಮರೆಯದ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.